ಸ್ಕ್ವಾಷ್: ಕಾಗುಣಿತ ಒಂದು, ಬೇರು ಎರಡು

ಮಾರ್ಚ್ ತಿಂಗಳ ಒಂದು ಸಂಜೆ. ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ತಮ್ಮನ ಮಗಳು ಶಾಲೆಯ ಚೀಟಿ ಹಿಡಿದು ನಿಂತಿದ್ದಳು. ರಜೆಯಲ್ಲಿ ಸ್ಕ್ವಾಷ್ ತರಬೇತಿಗೆ ಹೋಗಲು ಮನೆಯವರ ಸಹಿ ಬೇಕಿತ್ತು. ಅದೇ ಹೊತ್ತಿಗೆ ಬಾಗಿಲಿಗೆ ಬಂದ ತರಕಾರಿ ಚೀಲದ ಬಿಲ್ಲಿನಲ್ಲಿ ‘ಬಟರ್‌ನಟ್ ಸ್ಕ್ವಾಷ್ – 1’ ಎಂದಿತ್ತು. ಲೋಕಲ್ ಗಾಡಿಯಲ್ಲಿ ಬೆವರಿ ಬಂದಿದ್ದ ತಮ್ಮ ಫ್ರಿಜ್ಜಿನಿಂದ ಆರೆಂಜ್ ಸ್ಕ್ವಾಷ್ ಬಾಟಲಿ ತೆಗೆದು ತಣ್ಣೀರಿಗೆ ಬೆರೆಸುತ್ತಿದ್ದ. ಪುತ್ತೂರಿನಿಂದ ಬಂದು ನಮ್ಮೊಂದಿಗಿದ್ದ ಅಮ್ಮ ಮೂರನ್ನೂ ಕೇಳಿಸಿಕೊಂಡು ಹೇಳಿದರು: “ಅಲ್ಲ ಮಾರಾಯ್ತಿ, ಕುಡೀಲಿಕ್ಕೂ ಅದೇ, ತಿನ್ಲಿಕ್ಕೂ ಅದೇ, ಆಡ್ಲಿಕ್ಕೂ ಅದೇಯಾ?”

ಹಿಸುಕಿದರೆ ಮೆತ್ತಗಾಗುವುದಕ್ಕೆಲ್ಲ ಇಂಗ್ಲಿಷಿನವರು ಸ್ಕ್ವಾಷ್ ಅನ್ನುತ್ತಾರೆ ಅಮ್ಮ, ಎಂದೆ. ಆಮೇಲೆ ಕೂತು ನೋಡಿದಾಗ ಗೊತ್ತಾಯಿತು, ಆ ಉತ್ತರ ಮುಕ್ಕಾಲು ಪಾಲು ಸರಿ, ಕಾಲು ಪಾಲು ತಪ್ಪು. ಆ ಕಾಲು ಪಾಲಿನಲ್ಲೇ ಈ ಪದದ ಸ್ವಾರಸ್ಯವೆಲ್ಲ ಇದೆ.

ಈಗೇಕೆ ಈ ಪದ ಎಲ್ಲರ ಬಾಯಲ್ಲಿ

ಮುಂಬಯಿಗೆ ಈ ಪದದೊಡನೆ ಇತ್ತೀಚಿನ ಒಂದು ನಂಟಿದೆ. 2023ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ 141ನೇ ಅಧಿವೇಶನ ನಡೆದದ್ದು ಇದೇ ಊರಿನಲ್ಲಿ, ಬಾಂದ್ರಾ–ಕುರ್ಲಾ ಸಂಕೀರ್ಣದಲ್ಲಿ. ಭಾರತದಲ್ಲಿ ಅಂಥ ಸಭೆ ಸೇರಿದ್ದು 1983ರ ದೆಹಲಿ ಅಧಿವೇಶನದ ನಂತರ ಅದೇ ಮೊದಲು. ಅಕ್ಟೋಬರ್ 16ರಂದು ಆ ಸಭೆ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಐದು ಆಟಗಳನ್ನು ಸೇರಿಸಿತು. ಕ್ರಿಕೆಟ್ ಬಂತೆಂಬ ಸುದ್ದಿಯ ಅಬ್ಬರದಲ್ಲಿ ಉಳಿದವು ಮರೆಯಾದವು. ಆ ಉಳಿದವುಗಳಲ್ಲಿ ಸ್ಕ್ವಾಷ್ ಒಂದು. ಒಲಿಂಪಿಕ್ಸ್‌ನಲ್ಲಿ ಪದಕದ ಆಟವಾಗಿ ಅದು ಕಾಣಿಸಿಕೊಳ್ಳುವುದು ಅಲ್ಲೇ ಮೊದಲು.

2025ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ನಡೆದ ಸ್ಕ್ವಾಷ್ ವಿಶ್ವಕಪ್ಪನ್ನು ಭಾರತ ಗೆದ್ದುಕೊಂಡಿತು. ಆ ತಂಡದಲ್ಲಿದ್ದ ಜೋಷ್ನಾ ಚಿನ್ನಪ್ಪ ಅವರ ಹೆಸರು ಕೇಳಿದರೆ ಕೊಡಗಿನವರಿಗೆ ಮನೆಮಗಳ ಹೆಸರು ಕೇಳಿದಂತಾಗುತ್ತದೆ. 2014ರಲ್ಲೇ ಅವರು ದೀಪಿಕಾ ಪಳ್ಳಿಕಲ್ ಜೊತೆಗೂಡಿ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಡಬಲ್ಸ್ ಚಿನ್ನ ತಂದವರು. ಹೀಗಾಗಿ ಜಿಮ್ಖಾನಾಗಳ ಗೋಡೆಯೊಳಗಿದ್ದ ಆಟ ಈಗ ಶಾಲೆಯ ಚೀಟಿಗೂ ಇಳಿದಿದೆ. ಇನ್ನೊಂದು ಕಡೆ, ಹಿಂದೆ ತಾರಾ ಹೋಟೆಲಿನ ಅಡುಗೆಮನೆಗೆ ಮಾತ್ರ ಹೋಗುತ್ತಿದ್ದ ಜುಕಿನಿ, ಬಟರ್‌ನಟ್‌ಗಳು ಪುಣೆ–ಮುಂಬಯಿಯ ತರಕಾರಿ ಆ್ಯಪುಗಳಲ್ಲಿ ಬೆಂಡೆ, ತೊಂಡೆಯ ಪಕ್ಕದಲ್ಲೇ ಕುಳಿತಿವೆ. ಒಂದೇ ಪದ ಎರಡು ಕಡೆಯಿಂದಲೂ ಎದುರಾದಾಗ ಗೊಂದಲವಾಗುವುದು ಸಹಜ.

ಮೊದಲು ನಮ್ಮ ‘ಮುತ್ತು’

ಗೊಂದಲ ಬಿಡಿಸಲು ಇಂಗ್ಲಿಷಿಗೆ ಹೋಗುವ ಮೊದಲು ಕನ್ನಡದಲ್ಲೇ ಒಂದು ಗುರುತು ಹಾಕಿಕೊಳ್ಳೋಣ.

‘ಮುತ್ತು’ ಅಂದರೆ ಮೂಗುತಿಯಲ್ಲಿನ ಮುತ್ತು. ಮಗುವಿನ ಕೆನ್ನೆಗೆ ಕೊಡುವುದೂ ಮುತ್ತು. ಕೋಟೆಗೆ ಸೈನ್ಯ ಮುತ್ತುತ್ತದೆ, ಬೆಲ್ಲಕ್ಕೆ ಇರುವೆ ಮುತ್ತುತ್ತದೆ. ಮೂಗುತಿಯ ಮುತ್ತಿಗೂ ಇರುವೆ ಮುತ್ತುವುದಕ್ಕೂ ಅರ್ಥದಲ್ಲಿ ಯಾವ ಸಂಬಂಧವೂ ಇಲ್ಲ. ಉಚ್ಚಾರ ಮಾತ್ರ ಒಂದು. ‘ಹತ್ತು’ ಕೂಡ ಹಾಗೆಯೇ. ಎಣಿಸುವ ಹತ್ತು ಬೇರೆ, ಮರ ಹತ್ತುವುದು ಬೇರೆ. ಇವು ಒಂದೇ ಅಂಗಿ ತೊಟ್ಟ ಬೇರೆ ಬೇರೆ ಜನ ಇದ್ದ ಹಾಗೆ.

‘ಕಣ್ಣು’ ಹಾಗಲ್ಲ. ಮುಖದ ಕಣ್ಣು, ತೆಂಗಿನಕಾಯಿಯ ಕಣ್ಣು, ಕಬ್ಬಿನ ಗೆಣ್ಣಿನ ಕಣ್ಣು, ಇವೆಲ್ಲ ಒಂದೇ ಪದ ಮೈ ಬೆಳೆಸಿಕೊಂಡು ಹೋದದ್ದು. ಮೊದಲಿನದರ ಹೋಲಿಕೆಯಿಂದಲೇ ಉಳಿದವು ಹುಟ್ಟಿವೆ. ಇದು ಒಬ್ಬನೇ ಮನುಷ್ಯ ಮನೆಯಲ್ಲಿ ಮಗ, ಕಚೇರಿಯಲ್ಲಿ ಗುಮಾಸ್ತ, ಭಜನಾ ಮಂಡಳಿಯಲ್ಲಿ ಹಾಡುಗಾರ ಆದ ಹಾಗೆ.

ನಿಘಂಟು ಮಾಡುವವರು ಈ ವ್ಯತ್ಯಾಸವನ್ನು ಕಟ್ಟುನಿಟ್ಟಾಗಿ ತೋರಿಸುತ್ತಾರೆ. ಒಂದೇ ಪದ ಬೆಳೆದದ್ದಾದರೆ ಒಂದೇ ಶೀರ್ಷಿಕೆಯ ಕೆಳಗೆ ಅರ್ಥ 1, ಅರ್ಥ 2 ಎಂದು ಕೊಡುತ್ತಾರೆ. ಬೇರೆ ಪದಗಳಾದರೆ ಶೀರ್ಷಿಕೆಯನ್ನೇ ಎರಡು ಸಲ ಹಾಕುತ್ತಾರೆ. ದೊಡ್ಡ ಇಂಗ್ಲಿಷ್ ನಿಘಂಟು ತೆರೆದರೆ ಸ್ಕ್ವಾಷ್ ಪದ ಒಂದಕ್ಕಿಂತ ಹೆಚ್ಚು ಸಲ ಶೀರ್ಷಿಕೆಯಾಗಿ ನಿಂತಿರುವುದು ಕಾಣುತ್ತದೆ. ಆಟ, ಪಾನಕ, ಹಿಸುಕುವಿಕೆ ಒಂದು ಮನೆಯವು. ತರಕಾರಿಯ ಮನೆಯೇ ಬೇರೆ.

ಹಿಸುಕುವ ಸ್ಕ್ವಾಷ್

ಮೊದಲ ಮನೆಯ ಹಿರಿಯ ಲ್ಯಾಟಿನ್ ಭಾಷೆಯವನು. ‘ಕ್ವಾಟೆರೆ’ ಎಂದರೆ ಅಲ್ಲಾಡಿಸು, ಕುಲುಕು. ಅದನ್ನೇ ಬಿಡದೆ, ಜೋರಾಗಿ ಮಾಡಿದರೆ ‘ಕ್ವಾಸಾರೆ’. ಅದರ ಮುಂದೆ ‘ಹೊರಕ್ಕೆ, ಪೂರ್ತಿಯಾಗಿ’ ಎಂಬ ಅರ್ಥದ ‘ಎಕ್ಸ್’ ಸೇರಿ ಆಡುಮಾತಿನ ಲ್ಯಾಟಿನ್‌ನಲ್ಲಿ ಒಂದು ರೂಪ ಹುಟ್ಟಿತು. ಅದು ಹಳೆಯ ಫ್ರೆಂಚಿನಲ್ಲಿ ‘ಎಸ್ಕ್ವಾಸೆ’ ಆಯಿತು, 14ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂದು ಜಜ್ಜು, ಹಿಸುಕು, ಚಪ್ಪಟೆ ಮಾಡು ಎಂಬ ಅರ್ಥದಲ್ಲಿ ನೆಲೆಸಿತು.

ಇಂಗ್ಲಿಷಿನ ಈ ಒಂದು ಪದ ಮಾಡುವ ಕೆಲಸಕ್ಕೆ ಕನ್ನಡದ ಅಡುಗೆಮನೆಯಲ್ಲಿ ಆರೇಳು ಪದಗಳಿವೆ. ಶುಂಠಿಯನ್ನು ಕಲ್ಲಿನಿಂದ ಜಜ್ಜುತ್ತೇವೆ. ನಿಂಬೆಹಣ್ಣನ್ನು ಹಿಂಡುತ್ತೇವೆ. ನೆನೆಸಿದ ಹುಣಸೆಯನ್ನು ಕಿವುಚುತ್ತೇವೆ. ಮಾವಿನಹಣ್ಣನ್ನು ಅಂಗೈಯಲ್ಲಿ ಹಿಸುಕಿ ಮೆತ್ತಗೆ ಮಾಡುತ್ತೇವೆ. ಹೋಳಿಗೆಯ ಕಣಕವನ್ನು ಅಮುಕುತ್ತೇವೆ. ಇಷ್ಟನ್ನೂ ಒಂದು ಸ್ಕ್ವಾಷ್ ಹೊತ್ತುಕೊಳ್ಳುತ್ತದೆ. ಸಂಜೆ 6 ಗಂಟೆಯ ದಾದರ್ ಪ್ಲಾಟ್‌ಫಾರ್ಮಿನಿಂದ ಕಲ್ಯಾಣ ಫಾಸ್ಟ್ ಹತ್ತಿದವರಿಗೆ ಪದದ ಅರ್ಥ ಬೇರೆ ಹೇಳಬೇಕಿಲ್ಲ. ಆ ಡಬ್ಬಿಯೊಳಗೆ ಆಗುವುದೂ ಸ್ಕ್ವಾಷೇ.

ಆ ಲ್ಯಾಟಿನ್ ಹಿರಿಯನ ವಂಶ ದೊಡ್ಡದು. ತಲೆಗೆ ಪೆಟ್ಟುಬಿದ್ದು ಮಿದುಳು ಅಲುಗಿದಾಗ ಡಾಕ್ಟರು ಹೇಳುವ ‘ಕನ್ಕಶನ್’, ಚೆಂಡೆ–ಮದ್ದಳೆಗಳಂಥ ಬಡಿದು ನುಡಿಸುವ ವಾದ್ಯಗಳ ‘ಪರ್ಕಶನ್’, ಇವೆರಡೂ ಅದೇ ಬೇರಿನವು. ‘ಡಿಸ್ಕಶನ್’ ಕೂಡ. ಅದರ ಮೂಲಾರ್ಥ ಬಡಿದು ಬಿಡಿಬಿಡಿ ಮಾಡುವುದು. ಗಂಟಾಗಿದ್ದ ವಿಷಯವನ್ನು ಕೊಡವಿ ಎಳೆ ಬಿಡಿಸುವುದೇ ಚರ್ಚೆ ಎಂಬ ಆ ಕಲ್ಪನೆ ನನಗೆ ಬಹಳ ಹಿಡಿಸುತ್ತದೆ.

ಇಲ್ಲೊಂದು ಹತ್ತಿರದ ನೆಂಟನನ್ನು ಪ್ರತ್ಯೇಕವಾಗಿ ಗುರುತಿಸಬೇಕು. ಏಕೆಂದರೆ ಪತ್ರಿಕೆ ಓದುವವರಿಗೆ ದಿನವೂ ಎದುರಾಗುವ ಪದ ಅದು. ‘ಎಫ್‌ಐಆರ್ ಕ್ವಾಷ್ ಮಾಡುವಂತೆ ಬಾಂಬೆ ಹೈಕೋರ್ಟಿಗೆ ಅರ್ಜಿ’ ಎಂದು ಬರೆದಿರುತ್ತದೆ. ಇದು ಸ್ಕ್ವಾಷ್ ಅಲ್ಲ, ಎದುರಿನ ‘ಸ್’ ಇಲ್ಲದ ಕ್ವಾಷ್. ರದ್ದುಪಡಿಸು ಎಂದು ಅರ್ಥ. ಹಿಂದೆ ದಂಡಪ್ರಕ್ರಿಯಾ ಸಂಹಿತೆಯ 482ನೇ ಕಲಮಿನಡಿ ಹೈಕೋರ್ಟು ಈ ಅಧಿಕಾರ ಚಲಾಯಿಸುತ್ತಿತ್ತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 528ನೇ ಕಲಮು ಇದೆ. ಈ ಕ್ವಾಷ್‌ನಲ್ಲಿ ಎರಡು ಹೊಳೆ ಕೂಡಿವೆ. ಒಂದು, ‘ಬರಿದು, ಪೊಳ್ಳು’ ಎಂಬರ್ಥದ ಲ್ಯಾಟಿನ್ ‘ಕಾಸುಸ್’ನಿಂದ ಬಂದದ್ದು: ಆದೇಶವನ್ನು ಪೊಳ್ಳು ಮಾಡುವುದು. ಇನ್ನೊಂದು, ನಾವು ಈಗ ನೋಡಿದ ಜಜ್ಜುವ ಕ್ವಾಸಾರೆ. ಫ್ರೆಂಚಿನಲ್ಲಿ ಎರಡರ ಉಚ್ಚಾರವೂ ಹತ್ತಿರವಾಗಿ ಒಂದಕ್ಕೊಂದು ಬೆರೆತುಹೋದವು. ಗಾಳಿಸುದ್ದಿಯನ್ನು ಸ್ಕ್ವಾಷ್ ಮಾಡಬಹುದು, ಕ್ವಾಷ್ ಕೂಡ ಮಾಡಬಹುದು. ಕೋರ್ಟಿನ ಆದೇಶವನ್ನು ಮಾತ್ರ ಕ್ವಾಷ್ ಮಾಡುವುದೇ ರೂಢಿ.

ಪುಣೆಯ ಹಿಂಜವಡಿಯಲ್ಲಿ ಕೋಡ್ ಬರೆಯುವ ನಮ್ಮ ಹುಡುಗರ ಬಾಯಲ್ಲಿ ಬರುವ ಸ್ಕ್ವಾಷ್ ಕೂಡ ಇದೇ ಮನೆಯದು. ಕೆಲಸ ಮಾಡುವಾಗ ಸಣ್ಣಪುಟ್ಟ ತಿದ್ದುಪಡಿಗಳನ್ನು ಹತ್ತು ಸಲ ಬೇರೆ ಬೇರೆಯಾಗಿ ಉಳಿಸಿರುತ್ತಾರೆ. ಕೊನೆಗೆ ಅವನ್ನೆಲ್ಲ ಅದುಮಿ ಒಂದೇ ದಾಖಲೆಯಾಗಿಸುವುದಕ್ಕೆ ಗಿಟ್ ಎಂಬ ತಂತ್ರಾಂಶದಲ್ಲಿ ಸ್ಕ್ವಾಷ್ ಎನ್ನುತ್ತಾರೆ. ಹತ್ತು ಚಿಕ್ಕ ಉಂಡೆ ಸೇರಿಸಿ ಒಂದು ದೊಡ್ಡ ಉಂಡೆ ಕಟ್ಟಿದ ಹಾಗೆ.

ಚೆಂಡು ಮೆತ್ತಗಾದದ್ದರಿಂದ ಹುಟ್ಟಿದ ಆಟ

ಆಟದ ಕಥೆ ಶುರುವಾಗುವುದು ಸೆರೆಮನೆಯಲ್ಲಿ. 18ನೇ ಶತಮಾನದ ಲಂಡನ್ನಿನಲ್ಲಿ ಸಾಲ ತೀರಿಸಲಾಗದವರನ್ನು ಜೈಲಿಗೆ ಹಾಕುತ್ತಿದ್ದರು. ಫ್ಲೀಟ್, ಕಿಂಗ್ಸ್ ಬೆಂಚ್ ಎಂಬ ಅಂಥ ಜೈಲುಗಳ ಅಂಗಳದಲ್ಲಿ ಹೊತ್ತು ಕಳೆಯಲು ಅವರು ಎತ್ತರದ ಗೋಡೆಗೆ ಗಟ್ಟಿ ಚೆಂಡನ್ನು ಬ್ಯಾಟಿನಿಂದ ಹೊಡೆಯುತ್ತಿದ್ದರು. ಆ ಆಟಕ್ಕೆ ‘ರಾಕೆಟ್ಸ್’ ಎಂದು ಹೆಸರು. ಅದು ಸೆರೆಮನೆಯಿಂದ ಹೊರಬಂದು, ಆಶ್ಚರ್ಯವೆಂಬಂತೆ, ಸಿರಿವಂತರ ಮಕ್ಕಳ ಶಾಲೆಗಳನ್ನು ಸೇರಿತು.

ಲಂಡನ್ನಿನ ಅಂಚಿನ ಹ್ಯಾರೋ ಅಂಥ ಒಂದು ಶಾಲೆ. ಮುಂದೆ ಜವಾಹರಲಾಲ್ ನೆಹರೂ ಓದಿದ್ದು ಅಲ್ಲೇ. ಸುಮಾರು 1830ರ ಹೊತ್ತಿಗೆ ಅಲ್ಲಿ ರಾಕೆಟ್ಸ್ ಅಂಗಳಕ್ಕಾಗಿ ಸರದಿ ಕಾಯುತ್ತಿದ್ದ ಹುಡುಗರು ಸುತ್ತಲಿನ ಇಕ್ಕಟ್ಟಿನ ಜಾಗಗಳಲ್ಲೇ ಗೋಡೆಗೆ ಚೆಂಡು ಬಡಿಯತೊಡಗಿದರು. ಅಂಥ ಕಡೆ ಗಟ್ಟಿ ಚೆಂಡು ಅಪಾಯ. ತೂತಾದ, ಗಾಳಿ ಹೋದ ರಬ್ಬರ್ ಚೆಂಡು ಬಳಸಿದರೆ ಅದು ಗೋಡೆಗೆ ಬಡಿದಾಗ ಹಪ್ಪಳವಾಗಿ, ನಿಧಾನವಾಗಿ ಮರಳುತ್ತಿತ್ತು. ಚೆಂಡು ತಾನಾಗಿ ಕೈಗೆ ಬಾರದ ಕಾರಣ ಹುಡುಗರು ಅದರ ಹತ್ತಿರಕ್ಕೆ ಓಡಬೇಕಾಯಿತು. ಗೋಡೆಯ ಬುಡಕ್ಕೆ ಮೆಲ್ಲಗೆ ಇಳಿಸುವುದು, ಮೂಲೆಗೆ ಅಂಟಿಸಿ ಹೊಡೆಯುವುದು, ಹೀಗೆ ಹೊಸ ಹೊಸ ಹೊಡೆತಗಳು ಹುಟ್ಟಿದವು. 1864ರಲ್ಲಿ ಹ್ಯಾರೋ ಶಾಲೆ ಈ ಆಟಕ್ಕೆಂದೇ ನಾಲ್ಕು ಅಂಗಳ ಕಟ್ಟಿಸಿತು.

ಹೆಸರಿನ ಗುಟ್ಟು ಇಲ್ಲಿದೆ. ಅದು ಮೊದಲಿಗೆ ‘ಸ್ಕ್ವಾಷ್ ರಾಕೆಟ್ಸ್’. ಅಂದರೆ ಮೆತ್ತನೆ ಚೆಂಡಿನ ರಾಕೆಟ್ಸ್. ಸ್ಕ್ವಾಷ್ ಎಂಬುದು ಆಟದ ಹೆಸರಲ್ಲ, ಚೆಂಡಿನ ಗುಣ. ಮುಂಬಯಿಯ ಮೈದಾನಗಳಲ್ಲಿ ‘ಟೆನಿಸ್ ಬಾಲ್ ಕ್ರಿಕೆಟ್’ ಅನ್ನುತ್ತೇವಲ್ಲ, ಅದೇ ರೀತಿ. ನಾಳೆ ಜನ ಅದರಿಂದ ಕ್ರಿಕೆಟ್ ಬಿಟ್ಟು ಬರೀ ‘ಟೆನಿಸ್ ಬಾಲ್’ ಆಡೋಣ ಎಂದರೆ ಏನಾಗುತ್ತದೋ ಇಲ್ಲಿ ಅದೇ ಆಯಿತು. ಹಳೆಯ ಪೂರ್ಣ ಹೆಸರು ನಮ್ಮ ರಾಷ್ಟ್ರೀಯ ಒಕ್ಕೂಟದಲ್ಲಿ ಇಂದಿಗೂ ಉಳಿದಿದೆ. ಅದು ‘ಸ್ಕ್ವಾಷ್ ರಾಕೆಟ್ಸ್ ಫೆಡರೇಶನ್ ಆಫ್ ಇಂಡಿಯಾ’.

ತಮ್ಮನ ಮಗಳು ತರಬೇತಿಯ ಮೊದಲ ದಿನ ಚೆಂಡೊಂದನ್ನು ಮನೆಗೆ ತಂದಳು. ಕಪ್ಪು ರಬ್ಬರು, ಒಳಗೆ ಟೊಳ್ಳು, ಮೇಲೆ ಎರಡು ಹಳದಿ ಚುಕ್ಕೆ. ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರ. ಅಳತೆಯಲ್ಲಿ ಹೇಳುವುದಾದರೆ ಅಡ್ಡಗಲ 40 ಮಿಲಿಮೀಟರ್, ತೂಕ ಸುಮಾರು 24 ಗ್ರಾಂ. ಎದೆಯೆತ್ತರದಿಂದ ನೆಲಕ್ಕೆ ಬಿಟ್ಟೆವು. ಟಪ್ ಎಂದು ಬಿದ್ದು ಗೇಣು ಮೇಲೆದ್ದು ಅಲ್ಲೇ ಮಲಗಿತು. “ಹಾಳಾದ ಚೆಂಡು ಕೊಟ್ಟಿದ್ದಾರೆ” ಎಂದರು ಅಮ್ಮ. ಹಾಳಾದದ್ದಲ್ಲ, ತಣ್ಣಗಿರುವುದು. ಪ್ರತಿ ಹೊಡೆತಕ್ಕೂ ರಬ್ಬರು ಚಪ್ಪಟೆಯಾಗಿ ಮತ್ತೆ ಉಬ್ಬುತ್ತದೆ. ಆ ಹಿಸುಕಾಟದಲ್ಲಿ ಚೆಂಡು ಬಿಸಿಯಾಗುತ್ತದೆ, ಒಳಗಿನ ಗಾಳಿಯ ಒತ್ತಡ ಏರುತ್ತದೆ, ರಬ್ಬರು ಮಿದುವಾಗುತ್ತದೆ, ಪುಟಿತ ಹೆಚ್ಚುತ್ತದೆ. ಅದಕ್ಕೇ ಪಂದ್ಯ ಶುರುವಾಗುವ ಮೊದಲು ಆಟಗಾರರು ಕೆಲವು ನಿಮಿಷ ಚೆಂಡನ್ನು ಹೊಡೆದು ಹದಕ್ಕೆ ತರುತ್ತಾರೆ. ಎರಡು ಹಳದಿ ಚುಕ್ಕೆಯದು ಎಲ್ಲಕ್ಕಿಂತ ಮಂದ, ಪಳಗಿದವರಿಗೆ. ಕಲಿಯುವವರಿಗೆ ಹೆಚ್ಚು ಪುಟಿಯುವ ಬೇರೆ ಬಣ್ಣದ ಚುಕ್ಕೆಯವು ಸಿಗುತ್ತವೆ. ಪುಟ್ಟ ಮಗುವಿಗೆ ಎರಡು ಹಳದಿ ಚುಕ್ಕೆಯ ಚೆಂಡು ಕೊಟ್ಟಿದ್ದರೆ ಬದಲಿಸಿ ಕೇಳುವುದು ಒಳ್ಳೆಯದು.

ಒಟ್ಟಿನಲ್ಲಿ ಹಿಸುಕುವುದೇ ಈ ಆಟದ ಹೆಸರು, ಹಿಸುಕುವುದೇ ಇದರ ಯಂತ್ರ.

ಬಾಟಲಿಯಲ್ಲಿ ಕೂತ ಸ್ಕ್ವಾಷ್

ಹಣ್ಣನ್ನು ಹಿಂಡಿ ರಸ ತೆಗೆದು ಸಕ್ಕರೆ ಬೆರೆಸಿದ್ದು ಸ್ಕ್ವಾಷ್. 19ನೇ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನಲ್ಲಿ ‘ಲೆಮನ್ ಸ್ಕ್ವಾಷ್’ ಮಾತಿಗೆ ಬಂತು, ಆಳುವವರ ಜೊತೆ ನಮ್ಮ ಊಟದ ಮೇಜಿಗೂ ಬಂತು. ಅಮೆರಿಕದವರಿಗೆ ಈ ಅರ್ಥ ಗೊತ್ತಿಲ್ಲ. ಅಲ್ಲಿ ಯಾರಿಗಾದರೂ ‘ಒಂದು ಲೋಟ ಸ್ಕ್ವಾಷ್ ಕುಡಿಯುತ್ತೀರಾ’ ಎಂದು ಕೇಳಿದರೆ ಕುಂಬಳಕಾಯಿ ಕುಡಿಯುವುದೇ ಎಂದು ಕಣ್ಣರಳಿಸುತ್ತಾರೆ.

ಅಂಗಡಿಯ ಕಪಾಟಿನಲ್ಲಿ ಸ್ಕ್ವಾಷ್, ಕ್ರಷ್, ಸಿರಪ್ ಅಕ್ಕಪಕ್ಕ ನಿಂತಿರುತ್ತವೆ. ಇವು ಬರೀ ಹೆಸರಿನ ವ್ಯತ್ಯಾಸವಲ್ಲ. ಭಾರತದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಮೂರರಲ್ಲೂ ಹಣ್ಣಿನ ರಸ ಕನಿಷ್ಠ 25 ಶೇಕಡ ಇರಬೇಕು. ಬದಲಾಗುವುದು ಕರಗಿದ ಘನಾಂಶ, ಅಂದರೆ ಹೆಚ್ಚಾಗಿ ಸಕ್ಕರೆ. ಸ್ಕ್ವಾಷ್‌ಗೆ ಕನಿಷ್ಠ 40 ಶೇಕಡ, ಕ್ರಷ್‌ಗೆ 55, ಸಿರಪ್ ಅಥವಾ ಶರಬತ್ತಿಗೆ 65. ಪಂಚಗಣಿ, ಮಹಾಬಳೇಶ್ವರಕ್ಕೆ ಹೋದವರು ಹೊತ್ತು ತರುವ ಸ್ಟ್ರಾಬೆರಿ ಕ್ರಷ್ ಅಷ್ಟು ಮಂದವಾಗಿರುವುದು ಅದಕ್ಕೇ. ಲೆಕ್ಕ ಹಾಕಿ ನೋಡಿ: 50 ಮಿಲಿಲೀಟರ್ ಸ್ಕ್ವಾಷ್ ಹಾಕಿ ಒಂದು ಲೋಟ ಪಾನಕ ಮಾಡಿದರೆ ಅದರಲ್ಲಿ ಸುಮಾರು 5 ಟೀ ಚಮಚ ಸಕ್ಕರೆ ಇರುತ್ತದೆ. ಸಕ್ಕರೆ ಕಾಯಿಲೆಯವರು ಹಣ್ಣಿನ ರಸವೆಂದು ನಂಬಿ ಕುಡಿಯುವುದನ್ನು ನೋಡಿದಾಗ ಸಂಕಟವಾಗುತ್ತದೆ. ಚೀಟಿಯ ಮೇಲಿನ ಅಂಕಿ ಒಮ್ಮೆ ಓದಿ.

ಗೋವಾ, ಸಿಂಧುದುರ್ಗದ ರಸ್ತೆ ಬದಿಯಲ್ಲಿ ಸಿಗುವ ಕೋಕಂ ಪಾನಕ ಈ ಸಾಲಿನಲ್ಲಿ ಸ್ವಲ್ಪ ಬೇರೆ. ಕೋಕಂ ಎಂದರೆ ನಮ್ಮ ಪುನರ್ಪುಳಿ, ಉತ್ತರ ಕನ್ನಡದ ಮುರುಗಲು. ಅದನ್ನು ಹಿಂಡುವುದಿಲ್ಲ. ಹಸಿ ಸಿಪ್ಪೆಯೊಳಗೆ ಸಕ್ಕರೆ ತುಂಬಿ ಭರಣಿಯಲ್ಲಿಟ್ಟು ಬಿಸಿಲಿಗೆ ಇಡುತ್ತಾರೆ. ಸಕ್ಕರೆ ತಾನೇ ರಸವನ್ನು ಹೊರಗೆಳೆಯುತ್ತದೆ. ಕಾರ್ಖಾನೆಯ ಬಾಟಲಿಗಳಲ್ಲೂ ಇಂಥ ಬಣ್ಣದ ಹಣ್ಣಿಗೆ ಬೇರೆ ಉಪಚಾರವಿದೆ. ಕಿತ್ತಳೆ, ನಿಂಬೆ ಸ್ಕ್ವಾಷ್ ಕೆಡದಿರಲು ಗಂಧಕದ ಲವಣ ಹಾಕುತ್ತಾರೆ. ಆದರೆ ಅದು ಕೆಂಪು, ನೇರಳೆ ಬಣ್ಣವನ್ನು ಮಾಸಿಸುತ್ತದೆ. ಹಾಗಾಗಿ ಕೋಕಂ, ನೇರಳೆ, ದಾಳಿಂಬೆಗೆ ಸೋಡಿಯಂ ಬೆಂಜೋಯೇಟ್ ಬಳಸುತ್ತಾರೆ.

ಕಡಲಾಚೆಯ ಇನ್ನೊಂದು ಪದ

ಈಗ ಅಮ್ಮನಿಗೆ ನಾನು ತಪ್ಪು ಹೇಳಿದ ಕಾಲು ಪಾಲು. ತರಕಾರಿ ಸ್ಕ್ವಾಷ್‌ಗೆ ಹಿಸುಕುವಿಕೆಯೊಂದಿಗೆ ಏನೂ ಸಂಬಂಧವಿಲ್ಲ.

ಅಮೆರಿಕದ ಈಶಾನ್ಯ ಕರಾವಳಿಯಲ್ಲಿ, ಇಂದಿನ ರೋಡ್ ಐಲೆಂಡ್ ರಾಜ್ಯವಿರುವಲ್ಲಿ, ನರಗಾನ್ಸೆಟ್ ಎಂಬ ಮೂಲನಿವಾಸಿ ಜನರಿದ್ದಾರೆ. ಅವರ ಭಾಷೆಯಲ್ಲಿ ಈ ತರಕಾರಿಗೆ ‘ಅಸ್ಕುಟಸ್ಕ್ವಾಷ್’ ಎಂದು ಹೆಸರು. ಮ್ಯಾಸಚೂಸೆಟ್ಸ್ ವಸಾಹತಿನಿಂದ ಗಡೀಪಾರಾಗಿ ಬಂದು 1636ರಲ್ಲಿ ಪ್ರಾವಿಡೆನ್ಸ್ ಊರು ಕಟ್ಟಿದ ರೋಜರ್ ವಿಲಿಯಮ್ಸ್ ಎಂಬ ಪಾದ್ರಿ ಆ ಜನರ ನಡುವೆ ಇದ್ದು ಮಾತು ಕಲಿತ. 1643ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಭಾಷಾ ಕೈಪಿಡಿಯಲ್ಲಿ ಈ ಪದವಿದೆ. ಇದು ಅವರ ಬಳ್ಳಿಯ ಸೇಬು, ಇದರಿಂದಲೇ ನಮ್ಮವರು ಸ್ಕ್ವಾಷಸ್ ಅನ್ನುತ್ತಾರೆ, ಸೇಬಿನ ಗಾತ್ರ, ಹಲವು ಬಣ್ಣ, ಸಿಹಿಯಾದ ಹಗುರ ತಿನಿಸು ಎಂಬ ಅರ್ಥದಲ್ಲಿ ಅವನು ಬರೆದಿಟ್ಟಿದ್ದಾನೆ.

ಪದದ ಅರ್ಥ ‘ಹಸಿಯಾಗಿಯೇ ತಿನ್ನಬಹುದಾದವು’. ‘ತಿನ್ನಬಹುದಾದವು’ ಎಂಬಲ್ಲಿನ ಬಹುವಚನ ಮುಖ್ಯ. ಕೊನೆಯ ‘ಆಷ್’ ಆ ಭಾಷೆಯ ಬಹುವಚನ ಪ್ರತ್ಯಯ, ನಮ್ಮ ‘ಗಳು’ ಇದ್ದ ಹಾಗೆ. ಇಂಗ್ಲಿಷರು ಅದನ್ನು ತಿಳಿಯದೆ ಇಡೀ ಪದವನ್ನು ಏಕವಚನವೆಂದು ತೆಗೆದುಕೊಂಡು ಅದರ ಮೇಲೆ ತಮ್ಮ ಬಹುವಚನ ಬೇರೆ ಹಚ್ಚಿದರು. ನಾವು ‘ಅವರುಗಳು’ ಎನ್ನುವ ಹಾಗೆ ಬಹುವಚನದ ಮೇಲೆ ಬಹುವಚನ.

ಇನ್ನೊಂದು ಸಂಗತಿ, ಪದದ ತಲೆ ಹೋಗಿ ಬಾಲ ಮಾತ್ರ ಉಳಿದದ್ದು. ‘ಅಸ್ಕುಟ’ ಎಲ್ಲಿ ಹೋಯಿತು? ಇದಕ್ಕೆ ನಿದರ್ಶನ ನಮ್ಮ ಬೀದಿಯಲ್ಲೇ ಓಡಾಡುತ್ತಿದೆ. ‘ಬಸ್’ ಎಂಬುದು ‘ಎಲ್ಲರಿಗಾಗಿ’ ಎಂಬರ್ಥದ ಲ್ಯಾಟಿನ್ ‘ಓಮ್ನಿಬಸ್’ ಪದದ ಬಾಲ. ಮುಂಬಯಿಯ ನಗರ ಸಾರಿಗೆಯಾದ ‘ಬೆಸ್ಟ್’ ಬಸ್ಸಿನಲ್ಲಿ ಕೂತವರು ನಿಜವಾಗಿ ಒಂದು ವಿಭಕ್ತಿ ಪ್ರತ್ಯಯದಲ್ಲಿ ಕೂತಿರುತ್ತಾರೆ. ಉದ್ದದ ಪರಭಾಷಾ ಪದ ಬಾಯಿಗೆ ಬಂದಾಗ ಜನ ಕೈಗೆ ಸಿಕ್ಕ ತುಂಡನ್ನು ಉಳಿಸಿಕೊಳ್ಳುತ್ತಾರೆ.

ಸಿಕ್ಕ ತುಂಡು ಕಿವಿಗೆ ಹಳೆಯ ಪರಿಚಯದ್ದಾದರೆ ಇನ್ನೂ ಸುಲಭ. ಇಂಗ್ಲಿಷಿನಲ್ಲಿ ಅಷ್ಟು ಹೊತ್ತಿಗಾಗಲೇ ಸ್ಕ್ವಾಷ್ ಎಂಬ ನಾಮಪದವೂ ಇತ್ತು. ಇನ್ನೂ ಕಾಳು ಕಟ್ಟದ ಎಳೆ ಬಟಾಣಿ ಕಾಯಿಗೆ ಹಾಗೆನ್ನುತ್ತಿದ್ದರು. 1601ರ ಸುಮಾರಿನ ‘ಟ್ವೆಲ್ತ್ ನೈಟ್’ ನಾಟಕದಲ್ಲಿ ಶೇಕ್ಸ್‌ಪಿಯರ್ ಮೀಸೆ ಮೂಡದ ತರುಣನನ್ನು ಅದಕ್ಕೆ ಹೋಲಿಸುತ್ತಾನೆ: ಗಂಡಸೆನ್ನಲು ವಯಸ್ಸಾಗಿಲ್ಲ, ಹುಡುಗನೆನ್ನಲು ಎಳಸಲ್ಲ, ಕಾಯಾಗುವ ಮುಂಚಿನ ಸ್ಕ್ವಾಷಿನಂಥವನು ಎಂದು. ನಾವು ‘ಹಾಸ್ಪಿಟಲ್’ ಅನ್ನು ‘ಆಸ್ಪತ್ರೆ’ ಮಾಡಿಕೊಂಡೆವು. ಬಿಲ್ವಪತ್ರೆ, ತುಳಸಿಪತ್ರೆ ಕೇಳಿದ್ದ ಕಿವಿಗೆ ಆ ‘ಪತ್ರೆ’ ಒಗ್ಗಿತು, ಎಲೆಗೂ ಆಸ್ಪತ್ರೆಗೂ ನಂಟಿಲ್ಲದಿದ್ದರೂ. ಬೇರೆ ಬೇರೆ ಊರಿನ ಪದಗಳು ಒಂದೇ ಅಂಗಿ ತೊಡುವುದು ಹೀಗೆ.

ನರಗಾನ್ಸೆಟ್ ಭಾಷೆ 19ನೇ ಶತಮಾನದಲ್ಲಿ ದಿನಬಳಕೆಯಿಂದ ಮರೆಯಾಯಿತು. ಯುದ್ಧ, ರೋಗ, ನೆಲದ ಕಳವು ಆ ಜನರನ್ನು ಕುಗ್ಗಿಸಿದವು. ಈಗ ಅವರ ಮಕ್ಕಳು ಹಳೆಯ ಬರಹಗಳ ಆಸರೆಯಲ್ಲಿ ಪದಗಳನ್ನು ಮತ್ತೆ ಕಲಿಯುತ್ತಿದ್ದಾರೆ. ಆ ಭಾಷೆಯ ಒಂದು ಬಾಲ ನಮ್ಮ ತರಕಾರಿ ಬಿಲ್ಲಿನಲ್ಲಿ ಅಚ್ಚಾಗಿ ಬರುತ್ತದೆಂಬುದು ತಿಳಿದ ಮೇಲೆ ನಾನು ಆ ಬಿಲ್ಲನ್ನು ಎಸೆಯಲಿಲ್ಲ.

ಹಸಿ ಮತ್ತು ಪಕ್ವ

ಇಲ್ಲಿ ಒಂದು ಅಚ್ಚರಿ ಉಂಟು. ಸ್ಕ್ವಾಷ್ ಎಂದರೆ ಹಸಿ. ಅದರ ಅಣ್ಣನಂತಿರುವ ‘ಪಂಪ್ಕಿನ್’ ಪದದ ಮೂಲ ಗ್ರೀಕಿನ ‘ಪೆಪೋನ್’. ಅದರ ಅರ್ಥ ಮಾಗಿದ್ದು, ಬಿಸಿಲಿಗೆ ಬೆಂದದ್ದು. ಆ ಗ್ರೀಕ್ ಪದದ ಬೇರೂ ನಮ್ಮ ‘ಪಕ್ವ’, ‘ಪಾಕ’ ಪದಗಳು ಬಂದ ಸಂಸ್ಕೃತ ಧಾತುವಿನ ಬೇರೂ ಒಂದೇ. ಇಂಡೋ–ಯುರೋಪಿಯನ್ ಎಂದು ಕರೆಯುವ ಹಳೆಯ ಭಾಷಾ ಕುಟುಂಬದಲ್ಲಿ ಬೇಯಿಸು, ಮಾಗು ಎಂಬ ಎರಡೂ ಅರ್ಥ ಹೊತ್ತ ಧಾತು ಅದು. ಇಂಗ್ಲಿಷಿನ ‘ಕುಕ್’ ಕೂಡ ಅದರದೇ ಕುಡಿ. ಪಕ್ವ ಎಂದರೆ ಹಣ್ಣಾದದ್ದು, ಬೆಂದದ್ದು ಎರಡೂ ಎಂಬುದು ನಮಗೆ ಗೊತ್ತೇ ಇದೆ. ಹಾಗೆ ನೋಡಿದರೆ ಒಂದೇ ಜಾತಿಯ ಎರಡು ಕಾಯಿಗಳಲ್ಲಿ ಒಂದರ ಹೆಸರು ‘ಹಸಿ’, ಇನ್ನೊಂದರದು ‘ಪಕ್ವ’.

ಮಾಟುಂಗದ ಬುಟ್ಟಿಗಳಲ್ಲಿ ಯಾವುದು ಸ್ಕ್ವಾಷ್

ಸಸ್ಯಶಾಸ್ತ್ರದಲ್ಲಿ ಸ್ಕ್ವಾಷ್ ಎಂದರೆ ಕುಕುರ್ಬಿಟ ಎಂಬ ಅಮೆರಿಕ ಮೂಲದ ಕುಲ. ಮೆಕ್ಸಿಕೋದ ಒವಾಹಾಕ ಪ್ರಾಂತದಲ್ಲಿ ಸುಮಾರು 10,000 ವರ್ಷಗಳ ಹಿಂದೆಯೇ ಜನ ಇದನ್ನು ಪಳಗಿಸಿದ್ದರು. ಮುಸುಕಿನ ಜೋಳ, ಹುರುಳಿಬೀನ್ಸು, ಸ್ಕ್ವಾಷ್ ಮೂರನ್ನೂ ಒಂದೇ ಹೊಲದಲ್ಲಿ ಬೆಳೆಯುತ್ತಿದ್ದರು. ಜೋಳದ ದಂಟಿಗೆ ಬೀನ್ಸ್ ಹಬ್ಬುತ್ತಿತ್ತು, ಬೀನ್ಸ್ ಮಣ್ಣಿಗೆ ಸಾರಜನಕ ಕೊಡುತ್ತಿತ್ತು, ಸ್ಕ್ವಾಷಿನ ಅಗಲ ಎಲೆ ನೆಲ ಮುಚ್ಚಿ ಕಳೆ ತಡೆಯುತ್ತಿತ್ತು. ನಮ್ಮ ರಾಗಿ ಹೊಲದ ಅಕ್ಕಡಿ ಸಾಲು ಕಂಡವರಿಗೆ ಇದರ ಜಾಣ್ಮೆ ಕೂಡಲೇ ಅರ್ಥವಾಗುತ್ತದೆ.

ಬಟರ್‌ನಟ್ ಬಂದ ಸಂಜೆ ಅಮ್ಮ ಅದನ್ನು ಉದ್ದಕ್ಕೆ ಸೀಳಿದರು. ಹೊರಗೆ ಗೋಧಿ ಬಣ್ಣ, ಕುತ್ತಿಗೆ ಉದ್ದ, ನೋಡಲು ಸಣ್ಣ ವೀಣೆಯ ಹಾಗೆ. ಒಳಗೆ ಕಿತ್ತಳೆ ಬಣ್ಣದ ತಿರುಳು, ಬುಡದಲ್ಲಿ ಎಳೆಎಳೆಯ ನಡುವೆ ಚಪ್ಪಟೆ ಬೀಜ. ಮೂಸಿ ನೋಡಿ, “ಇದು ಎಂತ ಹೊಸತು? ನಮ್ಮ ಚೀನಿಕಾಯಿಯೇ ಅಲ್ವಾ” ಎಂದು ಮಜ್ಜಿಗೆಹುಳಿಗೆ ಹೋಳು ಮಾಡಿದರು. ಅಮ್ಮನ ಮೂಗು ಸರಿಯಾಗಿಯೇ ಹೇಳಿತ್ತು. ಸಿಹಿಗುಂಬಳದ ನಮ್ಮ ಹೆಚ್ಚಿನ ತಳಿಗಳೂ ಬಟರ್‌ನಟ್ಟೂ ಒಂದೇ ಪ್ರಭೇದ, ಕುಕುರ್ಬಿಟ ಮೊಸ್ಕಾಟ. ಕೊಲಂಬಸನ ನಂತರದ ಹಡಗುಗಳಲ್ಲಿ ಪೂರ್ವಕ್ಕೆ ಬಂದ ಕಾಯಿ ಅದು. ಹೆಸರಿನಲ್ಲಿ ಚೀನಾ ಇದ್ದರೂ ಹುಟ್ಟೂರು ಅಮೆರಿಕ.

ಬೂದುಗುಂಬಳ ಹಾಗಲ್ಲ. ಅದು ಏಷ್ಯದ್ದೇ, ಕುಲವೂ ಬೇರೆ. ‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆಯನ್ನೇ ಗಮನಿಸಿ. ಹೊತ್ತವನ ಹೆಗಲಿಗೆ ಬೂದಿ ಅಂಟುವುದು ಬೂದುಗುಂಬಳದಿಂದ ಮಾತ್ರ. ಸಿಹಿಗುಂಬಳ ಕದ್ದವನು ಹೆಗಲು ಮುಟ್ಟಿಕೊಳ್ಳಬೇಕಿಲ್ಲ. ಗಾದೆಯ ಕುಂಬಳ ನಮ್ಮ ಹಳೆಯ ಕುಂಬಳವೇ.

ಸೋರೆಕಾಯಿ ಮೂರನೆಯ ಖಂಡದ್ದು, ಆಫ್ರಿಕದ ಮೂಲ. ಮರಾಠಿಯವರು ಸೋರೆಗೆ ‘ದೂಧೀ ಭೋಪಳಾ’ ಎನ್ನುತ್ತಾರೆ, ಸಿಹಿಗುಂಬಳಕ್ಕೆ ‘ಲಾಲ್ ಭೋಪಳಾ’. ನಮ್ಮ ಕೊಂಕಣಿ ಮನೆಗಳಲ್ಲಿ ‘ದುದ್ದಿ’ ಎಂದರೆ ಸಿಹಿಗುಂಬಳ, ‘ಗರ್ದುದ್ದಿ’ ಎಂದರೆ ಸೋರೆ. ಮುಂಬಯಿಯ ಮಾಟುಂಗ ಮಾರುಕಟ್ಟೆಯಲ್ಲಿ ಕೊಂಕಣಿ ಅಕ್ಕ ದುದ್ದಿ ಕೇಳಿ ಮರಾಠಿ ಅಂಗಡಿಯವ ಸೋರೆ ತೂಗಿದರೆ ತಪ್ಪು ಇಬ್ಬರದೂ ಅಲ್ಲ.

ಜುಕಿನಿ ನಿಜವಾದ ಸ್ಕ್ವಾಷ್. ಹೆಸರು ಇಟಾಲಿಯನ್, ‘ಪುಟ್ಟ ಕುಂಬಳ’ ಎಂದರ್ಥ. ಇದನ್ನು ಬೇಸಿಗೆ ಸ್ಕ್ವಾಷ್, ಬಟರ್‌ನಟ್–ಸಿಹಿಗುಂಬಳಗಳನ್ನು ಚಳಿಗಾಲದ ಸ್ಕ್ವಾಷ್ ಎನ್ನುವುದುಂಟು. ಬೆಳೆಯುವ ಕಾಲಕ್ಕೆ ಸಂಬಂಧಿಸಿದ ಮಾತಲ್ಲ ಅದು. ಎಳೆಯದಾಗಿ ಕೊಯ್ದು, ಉಗುರು ತಾಗಿದರೆ ಸಿಪ್ಪೆ ಒಡೆಯುವಾಗಲೇ ತಿನ್ನುವುದು ಬೇಸಿಗೆಯದು. ಬಲಿತು ಸಿಪ್ಪೆ ಗಟ್ಟಿಯಾಗಿ, ಅಟ್ಟದ ಮೇಲೆ ತಿಂಗಳುಗಟ್ಟಲೆ ಕೆಡದೆ ಇದ್ದು ಚಳಿಗಾಲ ಕಳೆಯುವುದು ಇನ್ನೊಂದು. ಯಾವುದೇ ಆಗಲಿ, ಹೋಳು ನಾಲಿಗೆಗೆ ಕಹಿ ಹತ್ತಿದರೆ ಉಗಿದುಬಿಡಿ. ಈ ಕುಟುಂಬದ ಕಾಯಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷಾಂಶ ಕೆಲವೊಮ್ಮೆ ಹೆಚ್ಚಿರುತ್ತದೆ, ಬೇಯಿಸಿದರೂ ಹೋಗುವುದಿಲ್ಲ.

ಗೇಟಿನ ಬಳಿ ಕೇಳಿದ್ದು

ಇನ್ನು ಸೀಮೆ ಬದನೆ. ಕನ್ನಡ ತನ್ನದಲ್ಲದ್ದನ್ನು ಒಳಕ್ಕೆ ಕರೆದುಕೊಳ್ಳುವಾಗ ‘ಸೀಮೆ’ ಎಂಬ ಗುರುತು ಹಚ್ಚುತ್ತದೆ: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು. ಮೆಕ್ಸಿಕೋದಿಂದ ಬಂದ ಈ ಹಸಿರು ಕಾಯಿಗೆ ಬದನೆಯ ಕುಲ ಇಲ್ಲ, ಕುಕುರ್ಬಿಟ ಕುಲವೂ ಇಲ್ಲ. ಸೌತೆ, ಕುಂಬಳಗಳ ದೊಡ್ಡ ಕುಟುಂಬದಲ್ಲಿ ದೂರದ ದಾಯಾದಿ ಮಾತ್ರ.

ಮೊನ್ನೆ ಮಾಟುಂಗದಿಂದ ಒಂದು ಕಿಲೋ ತಂದು ಕಟ್ಟಡದ ಗೇಟಿನ ಬಳಿ ಚೀಲ ಇಳಿಸಿ ನಿಂತಿದ್ದೆ. ಡಾರ್ಜಿಲಿಂಗ್ ಕಡೆಯವನಾದ ನಮ್ಮ ಕಾವಲುಗಾರ ಭಯ್ಯಾ ಚೀಲ ಎತ್ತಿಕೊಡಲು ಬಂದವನು ಒಳಗಿದ್ದದ್ದನ್ನು ನೋಡಿ ಮುಖ ಅರಳಿಸಿದ. ಇದು ನಮ್ಮ ಮನೆಯ ಚಪ್ಪರದಲ್ಲಿ ಬೇಡವೆಂದರೂ ಬಿಡುತ್ತದೆ ದೀದಿ, ನಾವು ಇದಕ್ಕೆ ‘ಇಸ್ಕುಸ್’ ಅನ್ನುತ್ತೇವೆ ಎಂದ. ಸ್ಕ್ವಾಷ್ ನೇಪಾಳಿಯಲ್ಲಿ ಇಸ್ಕುಸ್ ಆಗಿದೆ. ಅವನಿಗೆ ನಾಲ್ಕು ಕಾಯಿ ಕೊಟ್ಟೆ.